ಸತ್ತವನ ಹೆಸರಿನ ಬಡ್ಡಿ

ಬೀಗ ರಿಪೇರಿಯವನು ಸತ್ತು ಎರಡು ವರ್ಷವಾದರೂ ಅವನ ಫೋನು ಸತ್ತಿರಲಿಲ್ಲ. ಅಂಗಡಿಯ ಗೋಡೆಯಲ್ಲಿ ಚಾರ್ಜಿಗೆ ಹಾಕಿದ ಹಾಗೇ ಇರುತ್ತಿತ್ತು. ಮೂರು ತಿಂಗಳಿಗೊಮ್ಮೆ ಅದು ಗುಂಯ್ ಎಂದು ನಡುಗಿದರೆ, ಕೀಲಿ ಉಜ್ಜುತ್ತಿದ್ದ ಹೆಂಡತಿ ಅರವನ್ನು ಕೆಳಗಿಟ್ಟು, ಅವನು ಕೂರುತ್ತಿದ್ದ ಖಾಲಿ ಸ್ಟೂಲಿನ ಕಡೆ ತಿರುಗಿ, "ಬಂತು ಕಣ್ರೀ" ಅನ್ನುವಳು. ಅವನ ಠೇವಣಿಯ ಬಡ್ಡಿ ಖಾತೆಗೆ ಬಿದ್ದ ಸಂದೇಶ ಅದು. ಅವನ ಕಾರ್ಡು ಹಾಕಿ ದುಡ್ಡು ತೆಗೆದು ಶಾಲನ್ನೋ ಚಪ್ಪಲಿಯನ್ನೋ ಕೊಳ್ಳುವಳು. ಅವನೇ ತಂದುಕೊಟ್ಟ ಲೆಕ್ಕ.

ಬ್ಯಾಂಕಿಗೆ ಅವಳು ಸಾವಿನ ಸುದ್ದಿ ಹೇಳಿಯೇ ಇರಲಿಲ್ಲ. ಹೇಳಿದರೆ ಅವನು ನಿಜವಾಗಿ ಸಾಯುತ್ತಾನೆ ಎಂಬ ಭಯ. ಹುಚ್ಚೇ ಸರಿ, ಆದರೆ ಹುಚ್ಚಿಗೆ ಮದ್ದು ಎಲ್ಲಿದೆ? 'ನನ್ನ ಆದಾಯ ಮಿತಿಯೊಳಗಿದೆ, ತೆರಿಗೆ ಮುರಿದುಕೊಳ್ಳಬೇಡಿ' ಎಂದು ವರ್ಷಕ್ಕೊಮ್ಮೆ ಬ್ಯಾಂಕಿಗೆ ತಿಳಿಸಬೇಕಿತ್ತು. ಅವನ ಫೋನಿನಲ್ಲಿ, ಅವನಾಗಿ, ಅವಳೇ 'ಹೌದು' ಒತ್ತುತ್ತಿದ್ದಳು. ಈ ವರ್ಷ ಜ್ವರದಲ್ಲಿ ಮರೆತಳು. ಬಡ್ಡಿ ತೆರಿಗೆ ಮುರಿದುಕೊಂಡು ಬಂತು. ಗಂಡನಿಗೆ ಸಿಟ್ಟು ಬಂದಿದೆ ಅಂದುಕೊಂಡಳು.

ನಾದಿನಿ ಅವಳನ್ನು ತೆರಿಗೆ ಲೆಕ್ಕ ಬರೆಯುವವನ ಹತ್ತಿರ ಎಳೆದುಕೊಂಡು ಹೋದಳು.

"ಮುರಿದದ್ದನ್ನ ಅವರ ಹೆಸರಲ್ಲೇ ವಾಪಸ್ ಕೇಳೋಣ ಸಾರ್," ಎಂದಳು ಹೆಂಡತಿ.

"ಅವರೆಲ್ಲಿ?"

"ಕೆಲಸಕ್ಕೆ ಹೋಗಿದಾರೆ."

ನಾದಿನಿ ಸಿಡಿದಳು. "ಎರಡು ವರ್ಷದ ಕೆಲಸ! ಯಾವ ಅರಮನೆ ಬೀಗ ಅತ್ತಿಗೇ ಅದು? ಸಾರ್, ನಮ್ಮಣ್ಣ ಸತ್ತಿದಾನೆ."

ಲೆಕ್ಕದವನು ಕನ್ನಡಕ ತೆಗೆದ. "ಅಮ್ಮಾ, ಸತ್ತ ದಿನದವರೆಗಿನ ಬಡ್ಡಿ ಅವರ ಆದಾಯ. ಆಮೇಲಿನದು ವಾರಸುದಾರರದ್ದು. ನೀವೊಬ್ರೇ ಅಂದ್ರೆ ಅಷ್ಟೂ ನಿಮ್ದೇ, ನಿಮ್ಮ ಹೆಸರಲ್ಲೇ ತೋರಿಸ್ಬೇಕು. ಅಂಗಡಿ ಸಂಪಾದನೆ ಸೇರಿಸಿದ್ರೂ ನೀವು ಮಿತಿ ದಾಟಲ್ಲ. ಮುರಿದದ್ದು ವಾಪಸ್ ಬರೋ ದಾರಿ ಇದೆ. ಮೊದಲು ಬ್ಯಾಂಕಿಗೆ ಹೇಳಿ."

ಅವಳು ಮೇಜಿನ ಅಂಚನ್ನೇ ನೋಡುತ್ತಿದ್ದಳು. "ಹಾಗಾದ್ರೆ ಈ ಎರಡು ವರ್ಷ ಅವರು ನಂಗೆ ಏನೂ ಕೊಡ್ಲಿಲ್ವಾ?"

ಲೆಕ್ಕದವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾದಿನಿಗೆ ಆಯಿತು.

"ನಿನ್ನ ದುಡ್ಡಲ್ಲಿ ನೀನೇ ತಗೊಂಡಿದ್ದು ಕಣೇ," ಎಂದಳು, ಮೆತ್ತಗೆ.

ಮೇಜಿನ ಕೆಳಗೆ ಹೆಂಡತಿಯ ಪಾದಗಳು ತಾವಾಗಿ ಹೊಸ ಚಪ್ಪಲಿಯಿಂದ ಹೊರಬಂದವು. ನೆಲ ತಣ್ಣಗಿತ್ತು.

ಬ್ಯಾಂಕಿನ ಕಿಟಕಿಯಲ್ಲಿ ಮರಣ ಪ್ರಮಾಣಪತ್ರ ಒಳಗೆ ತಳ್ಳುವಾಗ ಅವಳ ಬೆರಳು ಅದನ್ನು ಬಿಡಲಿಲ್ಲ. ಒಳಗಿದ್ದ ಹೆಂಗಸು ಮೆಲ್ಲಗೆ ಎಳೆದುಕೊಂಡಳು. ಟೈಪು ಮಾಡುತ್ತಾ, ತಲೆ ಎತ್ತದೆ, "ಯಾವಾಗ ಹೋದ್ರು?" ಎಂದಳು.

"ಈಗ."

ಒಳಗಿದ್ದವಳ ಬೆರಳು ನಿಂತವು. ತಪ್ಪು ಕಂಡರೆ ಸುಮ್ಮನಿರದ ನಾದಿನಿ, ಪಕ್ಕದಲ್ಲೇ ನಿಂತಿದ್ದರೂ, ತಿದ್ದಲಿಲ್ಲ. ಹಿಂದಿನ ಸಾಲು ಕಾಯುತ್ತಲೇ ಇತ್ತು.