ಮೇಲಿನ ಮಣ್ಣು

ಕೆ.ಆರ್. ಪುರದ ಹಿಂದಿನ ಮೂವತ್ತು ಗುಂಟೆ ಹೊಲಕ್ಕೆ ಇಂದಿರಾನಗರದ ರೈತರು ಮೊದಲ ಸಲ ಬಂದದ್ದು ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಹನ್ನೊಂದು ಕಾರುಗಳಲ್ಲಿ. ರೈತರಾದ್ದರಿಂದ ಎಲ್ಲರೂ ಹುಲ್ಲಿನ ಟೋಪಿ ಹಾಕಿದ್ದರು. ಹೊಲದ ಒಡತಿ ಗಂಗಲಕ್ಷ್ಮಮ್ಮ ತನ್ನ ಅರವತ್ತಾರು ವರ್ಷದ ಆಯುಸ್ಸಿನಲ್ಲಿ ಬೆದರುಬೊಂಬೆಯನ್ನು ಬಿಟ್ಟರೆ ಹೊಲದೊಳಗೆ ಟೋಪಿ ಹಾಕಿದವರನ್ನು ಕಂಡವಳಲ್ಲ.

ಗಂಡ ಮುನಿವೆಂಕಟಪ್ಪನ ಪಾಲಿಗೆ ಬಂದಿದ್ದ ಐದು ಎಕರೆಯಲ್ಲಿ ಹೊಲವಾಗಿ ಉಳಿದದ್ದು ಇಷ್ಟೇ. ಮಿಕ್ಕದ್ದರ ಮೇಲೆ ಬಾಡಿಗೆ ಮನೆ, ಪಿಜಿ, ಒಂದು ಜಿಮ್ಮು ಬೆಳೆದಿದ್ದವು. ಅವು ಮಳೆ ಕೇಳುತ್ತಿರಲಿಲ್ಲ, ಗೊಬ್ಬರ ಕೇಳುತ್ತಿರಲಿಲ್ಲ, ತಿಂಗಳಿಗೊಂದು ಫಸಲು ತಪ್ಪಿಸುತ್ತಿರಲಿಲ್ಲ. ಈ ತುಂಡು ಮಾತ್ರ ದಾಯಾದಿಗಳ ಕೋರ್ಟು ಕೇಸಿಗೆ ಸಿಕ್ಕಿಕೊಂಡು, ಮೂರು ಕಡೆ ಅಪಾರ್ಟ್‌ಮೆಂಟು ಎದ್ದ ಮೇಲೂ ಕಳೆ ಬೆಳೆದುಕೊಂಡು ಬಿದ್ದಿತ್ತು. ಕೇಸು ಮುಗಿದದ್ದೇ ತಡ, ಮಗ ಶ್ರೀನಿವಾಸ್ ಅದನ್ನು ‘ನಮ್ಮ ಪಾತಿ’ ಎಂಬ ಕಂಪನಿಗೆ ಐದು ವರ್ಷದ ಕರಾರಿಗೆ ಕೊಟ್ಟ. ಕಂಪನಿಯವರು ಹೊಲವನ್ನು ಅರವತ್ತು ಪಾತಿಗಳಾಗಿ ಸೀಳಿ, ಪಾತಿಗೊಂದು ಕುಟುಂಬದಂತೆ ಸದಸ್ಯರನ್ನು ಸೇರಿಸಿಕೊಂಡರು. ಸದಸ್ಯರು ವಾರಕ್ಕೊಮ್ಮೆ ಬಂದು ಬೆಳೆಯುವುದು. ಉಳಿದ ಆರು ದಿನ ಬೆಳೆಯುವ ಕೆಲಸ ಹುಸೇನಪ್ಪನದು. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದಿದ್ದ ಹುಸೇನಪ್ಪನನ್ನು ಕಂಪನಿ ‘ಫಾರ್ಮ್ ಅಸೋಸಿಯೇಟ್’ ಎಂದು ನೇಮಿಸಿಕೊಂಡು ಒಂದು ಹಸಿರು ಟೀ ಶರ್ಟು ಕೊಟ್ಟಿತ್ತು.

ಕಂಪನಿಯ ಯಜಮಾನಿ ನಿಖಿತಾ. ಮೂವತ್ತೆರಡು ವರ್ಷ, ಬ್ಯಾಂಕಿನ ಒಳ್ಳೆಯ ಕೆಲಸ ಬಿಟ್ಟು ಮಣ್ಣಿಗೆ ಇಳಿದವಳು. ಮೊದಲ ದಿನ ಅವಳು ಗಂಗಲಕ್ಷ್ಮಮ್ಮನನ್ನು ಕೈಹಿಡಿದು ಕರೆತಂದು ಎಲ್ಲರ ಮುಂದೆ ನಿಲ್ಲಿಸಿದಳು.

“ಈ ಮಣ್ಣಿಗೆ ಏಳು ತಲೆಮಾರಿನ ಹಿಸ್ಟರಿ ಇದೆ. ಸುತ್ತ ಎಲ್ಲ ಕಾಂಕ್ರೀಟ್ ಆದ್ರೂ ಈ ಅಮ್ಮ ಇದನ್ನ ಹೆತ್ತ ಮಗು ಥರ ಕಾಪಾಡ್ಕೊಂಡು ಬಂದಿದಾರೆ,” ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗಲಕ್ಷ್ಮಮ್ಮ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, ಮಳೆ ಬರುವ ಸೂಚನೆಯೇನಾದರೂ ಇದೆಯೇ ಎಂಬಂತೆ ಆಕಾಶ ನೋಡಿದಳು. ಚಪ್ಪಾಳೆ ನಿಂತ ಮೇಲೂ ನೋಡುತ್ತಲೇ ಇದ್ದಳು.

ಮೊದಲ ತಿಂಗಳು ಪಾಲಕ್ ಎರಡೆರಡು ಎಲೆ ಬಿಟ್ಟು, ಇಷ್ಟು ಸಾಕೆಂದು ನಿಂತಿತು. ಮೆಂತ್ಯ ಹುಟ್ಟುವಾಗಲೇ ಹಳದಿಯಾಗಿತ್ತು. ನಿಖಿತಾ ಡಾಕ್ಟರ್ ಜಗದೀಶರನ್ನು ಕರೆಸಿದಳು. ಅವರು ಯಾವುದರ ಡಾಕ್ಟರು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಾಕ್ಟರು ಮೊದಲ ಭೇಟಿಯಲ್ಲಿ ಬೆಳಕಿನ ದೋಷ ಕಂಡುಹಿಡಿದರು. ಪೂರ್ವದ ಹದಿನಾಲ್ಕು ಅಂತಸ್ತಿನ ಕಟ್ಟಡ ಹನ್ನೊಂದು ಗಂಟೆಯವರೆಗೆ ಬಿಸಿಲನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಅದು ನಿಜವೇ ಆದ್ದರಿಂದ ಬೇಲಿಯುದ್ದಕ್ಕೂ ಬೆಳ್ಳಿ ಬಣ್ಣದ ಹಾಳೆ ಕಟ್ಟಲಾಯಿತು. ಗಿಡಗಳಿಗೆ ಬೆಳಕು ಬಿತ್ತೋ ಇಲ್ಲವೋ, ಎದುರಿನ ಮೂರನೇ ಮಹಡಿಯವರಿಗೆ ಕಣ್ಣು ಕುಕ್ಕಿ ದೂರು ಬಂತು. ಎರಡನೇ ಭೇಟಿಯಲ್ಲಿ ನೀರಿನ ದೋಷ. ಬೋರ್‌ವೆಲ್ ನೀರಿನಲ್ಲಿ ಉಪ್ಪು ಹೆಚ್ಚು. ಅದೂ ನಿಜವೇ. ಸೊಪ್ಪಿಗೆ ಫಿಲ್ಟರ್ ನೀರು ಶುರುವಾಯಿತು. ಹುಸೇನಪ್ಪನಿಗೆ ಕುಡಿಯಲು ಬೋರಿನದೇ. ಮೂರನೇ ಭೇಟಿಯಲ್ಲಿ ಮಣ್ಣಿಗೆ ಹುಳಿ ಸಾಲದೆಂದು ಪುಡಿ ಬಂತು. ನಾಲ್ಕನೆಯದರಲ್ಲಿ ಸೆನ್ಸರು ನೆಟ್ಟರು. ಆ ಹೊಲದಲ್ಲಿ ಗಟ್ಟಿಯಾಗಿ ಬೇರೂರಿದ್ದೆಂದರೆ ಅವು ಮಾತ್ರ. ಸದಸ್ಯರ ಫೋನಿಗೆ ದಿನಾ ಸಂದೇಶ ಹೋಗುತ್ತಿತ್ತು: ನಿಮ್ಮ ಪಾಲಕ್ ಇಂದು ಸ್ವಲ್ಪ ಬೇಸರದಲ್ಲಿದೆ.

ಇಷ್ಟಾದರೂ ಯಾರೂ ಒಂದು ಹಾರೆ ತೆಗೆದುಕೊಂಡು ಮೊಣಕಾಲುದ್ದ ಅಗೆದು ನೋಡಲಿಲ್ಲ. ಅಗೆದು ನೋಡಿದವನು ಹುಸೇನಪ್ಪ ಒಬ್ಬನೇ. ಒಂದು ಮಧ್ಯಾಹ್ನ ಗಂಗಲಕ್ಷ್ಮಮ್ಮ ಅವನಿಗೆ ಮುದ್ದೆ, ಸಾರು ತೆಗೆದುಕೊಂಡು ಹೋದಾಗ ಅವನು ಕೈಯಲ್ಲಿ ಒಂದು ಹೆಂಟೆ ಹಿಡಿದು ಕೂತಿದ್ದ.

“ಇದೇನ್ರೀ ಅಮ್ಮಾರೇ, ಬರೀ ಗರಸು. ಮ್ಯಾಲಿನ ಮಣ್ಣೇ ಇಲ್ಲಲ್ಲ. ನಮ್ಮ ಕಡಿ ಇಂಥಾದಕ್ಕ ರಸ್ತೆ ಮಾಡ್ತಾರ,” ಎಂದ.

“ಆ ಡಾಕ್ಟ್ರಿಗೆ ಹೇಳ್ದಾ?”

“ಹೇಳಿದ್ರ ನನ್ನ ಪಗಾರ ಹೋಗತದ. ನೀವ್ಯಾಕ ಹೇಳಿಲ್ಲ?”

ಗಂಗಲಕ್ಷ್ಮಮ್ಮ ತಟ್ಟೆ ಇಟ್ಟು, “ಸಾರು ಆರೋಗ್ತದೆ, ಉಣ್ಣು,” ಎಂದು ಎದ್ದು ಬಂದಳು. ಆದರೆ ಅಂದು ಅವಳಿಗೆ ಮಧ್ಯಾಹ್ನದ ನಿದ್ದೆ ಹತ್ತಲಿಲ್ಲ.

ಮೂರು ತಿಂಗಳಿಗೆ ಸರಿಯಾಗಿ ಸುಗ್ಗಿ ಹಬ್ಬ ಎಂದು ನಿಖಿತಾ ಮೊದಲೇ ಸಾರಿಬಿಟ್ಟಿದ್ದಳು. ಬೆಳೆ ಬರದಿದ್ದರೂ ತಾರೀಕು ಬಂತು. ಗಂಗಲಕ್ಷ್ಮಮ್ಮ ಬೆಳಿಗ್ಗೆ ಹೊಲದ ಪಕ್ಕದ ತನ್ನ ಮನೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಹುಸೇನಪ್ಪ ಆಟೋದಿಂದ ಇಳಿದ. ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಆರು ಮೂಟೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ತಂದ, ಬೇರು ಸಮೇತ ಕಿತ್ತ ಪಾಲಕ್, ದಂಟು, ಮೂಲಂಗಿ. ಅವನು ಅವಳ ಮುಖ ನೋಡದೆ ಹೊಲದೊಳಗೆ ಹೋಗಿ, ಒಂದೊಂದು ಪಾತಿಯಲ್ಲೂ ಕಡ್ಡಿಯಿಂದ ತೂತು ಮಾಡಿ ಸೊಪ್ಪು ನೆಡತೊಡಗಿದ. ನಿಖಿತಾ ಪಕ್ಕದಲ್ಲೇ ನಿಂತು, ಸಾಲು ತೀರಾ ನೇರವಾದರೆ ಅನುಮಾನ ಬರುತ್ತದೆಂದು ಅಲ್ಲಲ್ಲಿ ಸೊಟ್ಟ ಮಾಡಿಸುತ್ತಿದ್ದಳು.

ಹತ್ತೂವರೆಗೆ ರೈತರು ಬಂದರು. ಡಾಕ್ಟರ್ ಜಗದೀಶ್ ಹೊಸ ಟೋಪಿಯಲ್ಲಿ ಬಂದರು. ಹೊಲ ಹಸಿರಾಗಿರುವುದನ್ನು ಕಂಡು, ತಮ್ಮ ಪುಡಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಅವರಿಗೂ ಸ್ವಲ್ಪ ಆಶ್ಚರ್ಯವಾದಂತಿತ್ತು, ಆದರೆ ಹೊಗಳಿಕೆ ಒಪ್ಪಿಕೊಳ್ಳಲು ತಡಮಾಡಲಿಲ್ಲ. ಮುನಿವೆಂಕಟಪ್ಪನನ್ನು ಶ್ರೀನಿವಾಸ್ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದ್ದ. ಮಕ್ಕಳು ಒಂದೇ ಕೈಯಲ್ಲಿ ಮೂಲಂಗಿ ಕಿತ್ತು ಕೇಕೆ ಹಾಕಿದವು. ಅಷ್ಟು ಸಲೀಸಾಗಿ ಕಿತ್ತು ಬರುವ ಮೂಲಂಗಿ ಲೋಕದಲ್ಲೇ ಇರಲಿಲ್ಲ.

ಸದಸ್ಯೆಯೊಬ್ಬಳ ಮಗಳು ಮೋನಿಷಾ, ಏಳು ವರ್ಷದವಳು, ಓಡಿಬಂದು ಒಂದು ಹಿಡಿ ದಂಟನ್ನು ಗಂಗಲಕ್ಷ್ಮಮ್ಮನ ಕೈಗೆ ಕೊಟ್ಟಳು.

“ಅಜ್ಜಿ, ಇದು ನಿಮಗೆ. ನಿಮ್ಮ ಮಣ್ಣಲ್ಲೇ ಬೆಳೆದಿದ್ದು.”

ದಂಟಿನ ಬೇರಿಗೆ ಮಣ್ಣು ಅಂಟಿತ್ತು. ಕಪ್ಪಗೆ, ಮೆತ್ತಗೆ, ಬೆರಳಲ್ಲಿ ಹೊಸಕಿದರೆ ಕರಗುವಂಥದ್ದು. ಗಂಗಲಕ್ಷ್ಮಮ್ಮ ಹೊಸಕಿದಳು, ಮೂಸಿದಳು. ಯಾರೋ ಪುಣ್ಯಾತ್ಮರು ವರ್ಷವರ್ಷವೂ ತಿಪ್ಪೆ ಗೊಬ್ಬರ ಹಾಕಿ, ಕೆರೆಯ ಹೂಳು ಹೊಡೆದು ಸಾಕಿದ ಮಣ್ಣು. ಅತ್ತೆಯ ಕಾಲದಲ್ಲಿ ತನ್ನ ಹೊಲದಲ್ಲೂ ಇಂಥದ್ದೇ ಇತ್ತು.

“ಇದು ನಮ್ಮ ಮಣ್ಣಲ್ಲ ಮಗಾ,” ಎಂದಳು. ಮೆಲ್ಲಗೇ ಹೇಳಿದ್ದು, ಆದರೆ ನಿಖಿತಾ ಆಗಷ್ಟೇ ಅವಳ ಮುಂದೆ ಮೈಕು ಹಿಡಿದಿದ್ದರಿಂದ ಹದಿನಾಲ್ಕು ಅಂತಸ್ತಿಗೂ ಕೇಳಿಸಿತು.

“ಅಮ್ಮ ತಮಾಷೆ ಮಾಡ್ತಿದಾರೆ,” ಎಂದಳು ನಿಖಿತಾ.

“ತಮಾಸೆ ಅಲ್ಲಮ್ಮ. ಬೆಳಗ್ಗೆ ನಿಂತ್ಕೊಂಡು ನೆಡುಸ್ದಲ್ಲ, ನಾನು ನೋಡಿವ್ನಿ. ನಿನ್ನೊಬ್ಬಳದೇ ತಪ್ಪು ಅಂತ ನಾನ್ ಅನ್ನಲ್ಲ. ನಿಂದು ಮೂರ್ ತಿಂಗಳ ಸುಳ್ಳು, ನಂದು ಹದಿನಾರು ವರ್ಸದ್ದು.”

“ಅಮ್ಮ, ಸುಮ್ನಿರು,” ಎಂದ ಶ್ರೀನಿವಾಸ್.

“ಸುಮ್ನೇ ಇದ್ನಲ್ಲಪ್ಪ ಇಷ್ಟು ದಿನ.”

ಆಮೇಲೆ ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೇಸು ನಡೆಯುತ್ತಿದ್ದ ಕಾಲ. ಓರಗಿತ್ತಿ ಮಾಳಿಗೆ ಮನೆ ಕಟ್ಟಿ ನೆಲಕ್ಕೆ ಗ್ರಾನೈಟು ಹಾಸಿದ್ದಳು. ಗಂಗಲಕ್ಷ್ಮಮ್ಮನಿಗೂ ಗ್ರಾನೈಟು ಬೇಕಾಗಿತ್ತು. ಜಮೀನು ಮಾರುವ ಹಾಗಿಲ್ಲವೆಂದು ಕೋರ್ಟು ಹೇಳಿತ್ತು, ಮಣ್ಣು ಮಾರಬಾರದೆಂದು ಹೇಳಿರಲಿಲ್ಲ. ಲಾರಿಯವನೊಬ್ಬ ಬಂದು, “ಮೇಲಿನ ಮಣ್ಣಷ್ಟೇ ಅಕ್ಕ, ನೆಲ ನಿಮ್ದೇ ಇರ್ತದೆ,” ಎಂದ. ಗಂಡ ಬೇಡವೆಂದ. ಅವಳು ಹಟ ಹಿಡಿದಳು. ತಲೆ ಬೋಳಿಸಿದರೆ ಕೂದಲು ಮತ್ತೆ ಬರುವುದಿಲ್ಲವೇ ಎಂದು ವಾದಿಸಿದಳು. ಎಂಟು ದಿನ ಜೆಸಿಬಿ ಹೊಲವನ್ನು ಕೆರೆಯಿತು. ಸೊಂಟದುದ್ದ ಮಣ್ಣು ಹೋಯಿತು. ಗುಂಡಿಗೆ ಯಾರೋ ರಾತ್ರೋರಾತ್ರಿ ಕಟ್ಟಡ ಕೆಡವಿದ ಕಸ ಸುರಿದುಹೋದರು. ಮರುವರ್ಷ ಗಂಡ ರಾಗಿ ಬಿತ್ತಿದ. ಹದಿನೆಂಟು ಮೂಟೆ ಕೊಡುತ್ತಿದ್ದ ಹೊಲದಲ್ಲಿ ಪೈರು ಗೇಣುದ್ದ ಬಂದು ಒಣಗಿತು. ಅಂದಿನಿಂದ ಅವನು ಆ ಹೊಲಕ್ಕೆ ಕಾಲಿಡಲಿಲ್ಲ. ಊರವರು ಕೇಳಿದರೆ, ಕೆರೆ ಕೆಟ್ಟುಹೋಯಿತು, ಅದಕ್ಕೇ ಬೆಳೆ ಇಲ್ಲ ಎನ್ನುತ್ತಿದ್ದ.

ಡಾಕ್ಟರ್ ಜಗದೀಶ್ ಗಂಟಲು ಸರಿಮಾಡಿಕೊಂಡು, “ಟಾಪ್ ಸಾಯಿಲ್ ಲಾಸ್. ಇದು ನನ್ನ ಐದನೇ ವಿಸಿಟ್‌ಗೆ ಪ್ಲಾನ್ ಆಗಿತ್ತು,” ಎಂದರು.

ಮೋನಿಷಾಳ ತಾಯಿ ರಮ್ಯ ಕೇಳಿದಳು: “ಆ ಮಣ್ಣೆಲ್ಲ ಎಲ್ಲಿಗೆ ಹೋಯ್ತು ಆಂಟಿ?”

“ಕಲ್ಯಾಣ ನಗರದ ಕಡೆ ಯಾವ್ದೋ ಲೇಔಟಂತೆ. ಪಾರ್ಕಿಗೆ, ಮನೆಗಳ ಮುಂದೆ ಹುಲ್ಲು ಹಾಕಕ್ಕೆ.”

“ಓ, ನಮ್ಮ ಹಳೇ ಮನೆ ಅಲ್ಲೇ ಇತ್ತು,” ಎಂದಳು ರಮ್ಯ. “ಲಾನ್ ತುಂಬಾ ಚೆನ್ನಾಗಿ ಬರ್ತಿತ್ತು.”

ಸದಸ್ಯರು ದುಡ್ಡು ವಾಪಸು ಕೇಳಿದರು, ಆದರೆ ಸೊಪ್ಪನ್ನು ಬಿಟ್ಟುಹೋಗಲಿಲ್ಲ. ನಿಖಿತಾ ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ; ಪಾತಿಗಳಲ್ಲಿ ನೆಟ್ಟಿದ್ದ ಸದಸ್ಯರ ಹೆಸರಿನ ಫಲಕಗಳನ್ನು ಒಂದೊಂದಾಗಿ ಕಿತ್ತು ಡಬ್ಬಕ್ಕೆ ತುಂಬಿದಳು. ಅವಳು ಹೋಗುವಾಗ ಗಂಗಲಕ್ಷ್ಮಮ್ಮ ಗೇಟಿನವರೆಗೂ ಹೋದಳು.

ಸಂಜೆ ಮನೆಯಲ್ಲಿ ಶ್ರೀನಿವಾಸ್ ಕೂಗಾಡಿ, ಬಾಗಿಲು ಎಳೆದುಕೊಂಡು ಹೋದ. ಮುನಿವೆಂಕಟಪ್ಪ ಹೊಳೆಯುವ ಗ್ರಾನೈಟಿನ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದ. ಆ ಕಲ್ಲು ಚಳಿಯೆಂದು ಅವನು ಬರಿನೆಲದ ಮೇಲೆ ಕೂತದ್ದೇ ಇಲ್ಲ.

“ನನ್ನ ಹೆಸ್ರು ಹೇಳ್ದಂಗೆ ಇಷ್ಟು ವರ್ಸ ಕೆರೆ ಮೇಲೆ ಹಾಕ್ಕೊಂಡ್ ಬಂದ್ರಲ್ಲ, ಯಾಕೆ?” ಎಂದು ಗಂಗಲಕ್ಷ್ಮಮ್ಮ ಕೇಳಿದಳು.

“ಕೆರೆ ತಿರುಗ್ಸಿ ಮಾತಾಡಲ್ಲ,” ಎಂದ ಅವನು. ಚಾಪೆಯ ಅಂಚು ಸರಿಮಾಡಿಕೊಳ್ಳುತ್ತಾ, “ಮಾತಾಡೋರ ಜತೆ ಬಾಳೋದು ಕಷ್ಟ ಅಲ್ವಾ,” ಎಂದ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಹದಿನಾರು ವರ್ಷದಲ್ಲಿ ಆ ವಿಷಯವಾಗಿ ಅವರು ಆಡಿದ ಮೊದಲ ಮಾತು ಅದು.

“ಆ ರಾಯಚೂರಿನವನು ಇರ್ತಾನೇನು?” ಎಂದು ಮುನಿವೆಂಕಟಪ್ಪ ಕೇಳಿದ. “ಇದ್ರೆ ಮೊದ್ಲು ಇಟ್ಟಿಗೆ ಚೂರು ಆರ್ಸ್ಲಿ. ಆಮೇಲೆ ಹುರುಳಿ ಚೆಲ್ಲಿ, ಹೂವಿಗೆ ಬಂದಾಗ ಮಣ್ಣಿಗೇ ಮಗುಚಿ ಹಾಕ್ಲಿ. ತಿರ್ಗಾ ಚೆಲ್ಲಿ, ತಿರ್ಗಾ ಮಗುಚ್ಲಿ. ಮೂರನೇದು ಕುಯ್ಕೋಬೋದು.”

“ನಮ್ಮ ಮಣ್ಣು ವಾಪಸ್ ಬತ್ತದಾ?”

“ನಮ್ಮ ಕಾಲಕ್ಕೆ ಬರಲ್ಲ. ಹಂಗಂತ ಕೂತ್ಕೊಳಕ್ಕಾಗ್ತದಾ?”

ನಮ್ಮ ಪಾತಿ ಕಂಪನಿ ಊರಾಚೆ ಒಂದು ಶೆಡ್ಡಿಗೆ ಹೋಯಿತು. ಅಲ್ಲಿ ಗಿಡಗಳು ಪೈಪಿನಲ್ಲಿ, ಬರೀ ನೀರಿನಲ್ಲಿ ಬೆಳೆಯುತ್ತವಂತೆ. ಮಣ್ಣೆಂಬ ತಲೆನೋವೇ ಇಲ್ಲ. ದುಡ್ಡು ವಾಪಸು ಕೇಳಿದ್ದವರಲ್ಲಿ ನಲವತ್ತೊಂದು ಕುಟುಂಬಗಳು ಮತ್ತೆ ಅಲ್ಲೇ ಸೇರಿದವು. ಡಾಕ್ಟರ್ ಜಗದೀಶ್ ಈಗ ನೀರಿನ ಡಾಕ್ಟರು.

ಹುಸೇನಪ್ಪ ಹೊಲದಲ್ಲೇ ಉಳಿದ. ಅಪಾರ್ಟ್‌ಮೆಂಟಿನವರು ಉದುರೆಲೆಯನ್ನೂ ಅಡುಗೆಮನೆ ಕಸವನ್ನೂ ಸಂತೋಷದಿಂದ ಕೊಟ್ಟರು; ಕೊಡುವುದರಲ್ಲಿ ಅಷ್ಟು ಧಾರಾಳಿಗಳೆಂದು ಅವರಿಗೇ ಗೊತ್ತಿರಲಿಲ್ಲ. ನಾಲ್ಕನೇ ವಾರ ನಿಖಿತಾ ಒಬ್ಬಳೇ ಮೆಟ್ರೋದಲ್ಲಿ ಬಂದಳು. ಶೆಡ್ಡನ್ನು ಪಾಲುದಾರನಿಗೆ ಬಿಟ್ಟಿದ್ದೇನೆ ಎಂದಳು. ಗಂಗಲಕ್ಷ್ಮಮ್ಮ ಏನೂ ಕೇಳದೆ ಮಂಕರಿ ಕೊಟ್ಟಳು. ಅಂದು ನಿಖಿತಾ ಐದು ಮಂಕರಿ ಇಟ್ಟಿಗೆ ಚೂರು ಆರಿಸಿದಳು, ಒಂದು ಫೋಟೋವನ್ನೂ ತೆಗೆಯಲಿಲ್ಲ. ಕೈಯಲ್ಲಿ ಗುಳ್ಳೆ ಎದ್ದಾಗ ಗಂಗಲಕ್ಷ್ಮಮ್ಮ ಅರಿಸಿನ ಹಚ್ಚಿ, “ಮುಂದಿನ್ ವಾರ ಬತ್ತೀಯಾ?” ಎಂದಳು. ಅವಳು ಬಂದಳು.

ಎರಡು ಸಲ ಹುರುಳಿ ಮಣ್ಣು ಸೇರಿತು. ಮೂರನೆಯದು ಕಾಯಿ ಕಟ್ಟಿತು. ಮೂವತ್ತು ಗುಂಟೆಗೆ ಎಲ್ಲ ಸೇರಿ ಅರ್ಧ ಮೂಟೆ. ಅತ್ತೆ ಬದುಕಿದ್ದರೆ ಅದನ್ನು ಬೆಳೆಯೆಂದು ಕರೆಯದೆ ಕೋಳಿಗೆ ಹಾಕಿಬಿಡುತ್ತಿದ್ದಳು. ಗಂಗಲಕ್ಷ್ಮಮ್ಮ ಅದನ್ನು ಕೇರಿ, ಹಸನು ಮಾಡಿ, ಹುಸೇನಪ್ಪನಿಗೆ ಎರಡು ಸೇರು, ನಿಖಿತಾಳಿಗೆ ಒಂದು ಸೇರು ಅಳೆದು ಕೊಟ್ಟಳು. ಮೋನಿಷಾಳ ನೆನಪಾಗಿ ಅವರ ಮನೆಗೂ ಒಂದು ಪೊಟ್ಟಣ ಕಳಿಸಿದಳು.

ಸಂಜೆಯೊಳಗೆ ರಮ್ಯಳಿಂದ ನಿಖಿತಾಳ ಫೋನಿಗೆ ಸಂದೇಶ ಬಂತು. ಥ್ಯಾಂಕ್ಸ್ ಹೇಳಿ, ಈ ಹುರುಳಿಗೆ ಆರ್ಗ್ಯಾನಿಕ್ ಸರ್ಟಿಫಿಕೇಟ್ ಇದೆಯಾ ಎಂದು ಕೇಳಿದ್ದಳು.

ನಿಖಿತಾ ಅದನ್ನು ಓದಿ ಹೇಳಿದಾಗ ಗಂಗಲಕ್ಷ್ಮಮ್ಮ ಒಲೆಯ ಮೇಲೆ ಹುರುಳಿಕಟ್ಟಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

“ಇಲ್ಲ ಅಂತ ಬರಿ,” ಎಂದಳು. “ಸಾರು ಐತೆ, ಬೇಕಾದ್ರೆ ಬಂದು ಉಣ್ಣು ಅನ್ನು.”