ಬೋರಲು ಮಲಗಿದ ಹೊಸ್ತಿಲು

ನಾನು ಒಂದು ಹೊಸ್ತಿಲು. ಕರಿಜಾಲಿಯ ಹೊಸ್ತಿಲು ಎಂದು ಪೂರ್ತಿ ಹೇಳಿದರೆ ನನಗೆ ಇನ್ನೂ ಇಷ್ಟ. ಕೃಷ್ಣಾ ತೀರದ ಕಡ್ಲಿಗಟ್ಟಿಯಲ್ಲಿ ಹೊಲದ ಬದುವಿನ ಮೇಲೆ ಬೆಳೆದ ಮರ ನನ್ನ ತಾಯಿ. ಅದನ್ನು ಕಡಿದು, ಒಂದು ವರ್ಷ ಬಾವಿಯ ನೀರಿನಲ್ಲಿ ನೆನೆಹಾಕಿ, ಇನ್ನೊಂದು ವರ್ಷ ನೆರಳಿನಲ್ಲಿ ಒಣಗಿಸಿ, ಈರಪ್ಪ ಬಡಿಗೇರ ನನ್ನನ್ನು ಕೆತ್ತಿದ. ಕೆತ್ತಿ ಮುಗಿಸುವಷ್ಟರಲ್ಲಿ ಅವನ ಬಾಚಿ ಎರಡು ಸಲ ಮೊಂಡಾಯಿತು. ನನ್ನ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ.

ಹೊಸ್ತಿಲಿಗೆ ಜನರ ಮುಖ ಅಷ್ಟಾಗಿ ಗೊತ್ತಾಗುವುದಿಲ್ಲ. ಪಾದ ಗೊತ್ತಾಗುತ್ತದೆ. ಮುಖ ಸುಳ್ಳು ಹೇಳಬಹುದು, ಹಿಮ್ಮಡಿ ಹೇಳುವುದಿಲ್ಲ. ಸಾಲ ಕೇಳಲು ಬಂದವನು, ಹೆಣ್ಣು ನೋಡಲು ಬಂದವನು, ಜಗಳಕ್ಕೆ ಬಂದವನು ಎಲ್ಲರೂ ಒಳಗೆ ಹೋಗಿ ಬಾಯಿ ಬಿಡುವ ಮೊದಲೇ ನನಗೆ ತಿಳಿದಿರುತ್ತಿತ್ತು.

ಈರಪ್ಪ ನನ್ನನ್ನು ಕೂರಿಸಿದ ಮನೆಗೆ ಕಾಶವ್ವ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು. ನನ್ನ ಮೇಲೆ ಇಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲಗೆ ಸರಿಸಿ ಒಳಗೆ ಬರಬೇಕಿತ್ತು. ಹುಡುಗಿ ಅಂಜಿಕೆಯಲ್ಲಿ ಜೋರಾಗಿಯೇ ಒದ್ದಳು. ಸೇರು ದೇವರ ಕೋಣೆಯವರೆಗೆ ಉರುಳಿತು. "ಸೊಸಿ ಗಟ್ಟಿಗಿತ್ತಿ ಅದಾಳ ಬಿಡ್ರಿ" ಎಂದು ಅತ್ತೆ ನಕ್ಕಳು. ಅವಳು ಗಟ್ಟಿಗಿತ್ತಿಯೇ ಆದಳು.

ಹೊಸ್ತಿಲನ್ನು ದಾಟಬೇಕು, ತುಳಿಯಬಾರದು. ಇದು ಹಿರಿಯರ ಮಾತು. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ಹೊಳೆಯಿಂದ ಬಂದವಳಿಗೆ ಇದನ್ನು ಹೇಳುವುದು ಸುಲಭ. ನಮ್ಮ ಬಾಗಿಲು ಬೇರೆ ಗಿಡ್ಡ. ಕಾಶವ್ವ ಬಲಗಾಲನ್ನು ನನ್ನ ಮೇಲೆ ಊರಿ, ಒಂದು ಉಸಿರು ನಿಂತು, ಮೊಣಕಾಲು ಮಡಚಿ ತಗ್ಗಿ ಒಳಗೆ ಹೋಗುತ್ತಿದ್ದಳು. ಶುಕ್ರವಾರ ಅರಿಷಿಣ ಹಚ್ಚುವಾಗ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾತು ತಾಯಿ" ಎನ್ನುತ್ತಿದ್ದಳು. ಶನಿವಾರ ಮತ್ತೆ ತುಳಿಯುತ್ತಿದ್ದಳು. ಮನೆಗೆ ನಳ ಬಂದ ಮೇಲೂ ಅಭ್ಯಾಸ ಹೋಗಲಿಲ್ಲ. ಐವತ್ತು ವರ್ಷದ ಈ ತಪ್ಪಿನಿಂದ ನನ್ನ ಬಲಬದಿಗೆ ಅವಳ ಪಾದದಷ್ಟೇ ಅಗಲದ, ಎರಡು ಬೆರಳು ಆಳದ ಒಂದು ತಗ್ಗು ಬಿತ್ತು. ನಿಜ ಹೇಳಬೇಕೆಂದರೆ, ನನಗೆ ಅದರ ಬಗ್ಗೆ ಬಹಳ ಜಂಬ.

ಆಮೇಲೆ ಅಣೆಕಟ್ಟಿನ ಹಿನ್ನೀರು ಬರುವುದೆಂದು ಗೊತ್ತಾಯಿತು. ಊರಿಗೆ ಊರೇ ಏಳು ಮೈಲಿ ದೂರದ ದಿನ್ನೆಯ ಮೇಲೆ ಹೊಸ ಮನೆ ಕಟ್ಟಿಕೊಳ್ಳಬೇಕಾಯಿತು. ಜನ ತೊಲೆ, ಕಂಬ, ಕಿಟಕಿ ಬಿಚ್ಚಿಕೊಂಡು ಹೊರಟರು. ಆ ಹೊತ್ತಿಗೆ ಕಾಶವ್ವನ ಕಣ್ಣು ಪೂರ್ತಿ ಮಬ್ಬಾಗಿತ್ತು. ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಅವಳು ಮಗ ಸಂಗಪ್ಪನಿಗೆ ಹೇಳಿದ್ದು ಒಂದೇ ಮಾತು. "ಏನರೆ ಬಿಡು, ಹೊಸ್ತಲಾ ಬಿಡಬ್ಯಾಡ."

ಸಂಗಪ್ಪ ನನ್ನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೋಗಿ ಹೊಸ ಮನೆಯ ಮುಂದೆ ಇಳಿಸಿದ. ಕೂರಿಸುವ ಕೆಲಸ ಈರಪ್ಪನ ಮಗ ಕಾಳಪ್ಪನದು. ಸಂಗಪ್ಪ ಉಳಿದ ತೊಲೆ ತರಲು ಹಳೇ ಊರಿಗೆ ಹೋಗಿದ್ದಾಗ ಅವನ ಹೆಂಡತಿ ಶಿವಲೀಲಾ ಬಂದು ನನ್ನ ತಗ್ಗನ್ನು ನೋಡಿದಳು. ಆಕೆ ಒಂದು ದಿನವೂ ನನ್ನನ್ನು ತುಳಿದವಳಲ್ಲ. ಅಷ್ಟು ಶಿಸ್ತು.

"ಕಾಳಪ್ಪಣ್ಣ, ವಾಸ್ತುಶಾಂತಿಗೆ ನಮ್ಮ ತವರಮನಿಯವರು ಬರ್ತಾರ. ಹೊಸ್ತಲಾ ತುಳದು ತುಳದು ಸವಿಸ್ಯಾರ ಅಂತ ಆಡಿಕೋತಾರ. ಏನರೆ ಮಾಡು" ಎಂದಳು.

"ಅದಕ್ಕೇನು, ಬೋರಲ ಹಾಕಿದ್ರಾತು" ಎಂದ ಕಾಳಪ್ಪ. ನನ್ನ ಬೆನ್ನನ್ನು ಉಜ್ಜುಗೊರಡಿನಿಂದ ನುಣ್ಣಗೆ ಮಾಡಿ, ಮುಖವನ್ನು ಸಿಮೆಂಟಿಗೆ ಒತ್ತಿ ಕೂರಿಸಿಬಿಟ್ಟ. ಸ್ವಂತ ಅಪ್ಪನ ಕೆಲಸವನ್ನು ಮಗ ಮಣ್ಣಿನಲ್ಲಿ ಹುಗಿದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಹೊಸ್ತಿಲಿನ ಸಿಟ್ಟನ್ನು ಯಾರು ಕೇಳುತ್ತಾರೆ? ತಿರುಗಿ ಬಂದ ಸಂಗಪ್ಪ ನುಣ್ಣನೆಯ ಬೆನ್ನನ್ನು ನೋಡಿ, ಸವೆದದ್ದನ್ನು ಉಜ್ಜಿ ಸರಿಮಾಡಿದ್ದಾರೆ ಎಂದುಕೊಂಡ. ವಾಸ್ತುಶಾಂತಿ ಚೆನ್ನಾಗಿಯೇ ನಡೆಯಿತು. ಬೀಗರು ಹೋಳಿಗೆ ಉಂಡು, ಹೊಸ್ತಿಲು ಬಹಳ ಚೆಂದ ಇದೆ ಎಂದು ಹೇಳಿ ಹೋದರು.

ಹೊಸ ಊರಿನಲ್ಲಿ ಸರಕಾರದ ನಕ್ಷೆಯಂತೆ ಎಲ್ಲ ಮನೆಗಳೂ ಒಂದೇ ಅಳತೆ. ಎಂಟು ಮನೆಗಳ ಸಾಲು, ಒಂದೇ ತೆರನ ಕಟ್ಟೆ, ಒಂದೇ ತೆರನ ಬಾಗಿಲು. ಕಣ್ಣಿದ್ದವರೇ ಮೊದಲ ವಾರ ತಡಬಡಿಸಿದರು. ಕಾಶವ್ವ ಹಳೇ ಓಣಿಯಲ್ಲಿ ಮನೆ ಮನೆಗೆ ಹೋಗಿ ಹೆಂಗಸರ ಜೊತೆ ಕುಳಿತು ಹಳೇ ಬಟ್ಟೆಯ ಕೌದಿ ಹೊಲಿಸುತ್ತಿದ್ದವಳು. ಯಾವ ಬಟ್ಟೆ ಎಷ್ಟು ಹಳತು ಎಂದು ಬೆರಳಿನಿಂದಲೇ ಹೇಳುತ್ತಿದ್ದಳು. ಇಲ್ಲಿಯೂ ಗೋಡೆ ಹಿಡಿದುಕೊಂಡು ಅದೇ ಉಮೇದಿನಿಂದ ಹೊರಟಳು. ಹೋಗುವುದೇನೋ ಹೋದಳು. ತಿರುಗಿ ಬಂದವಳು ನನ್ನ ಮೇಲೆ ಕಾಲಿಟ್ಟು, ಏನೋ ಹುಡುಕಿದಂತೆ ಪಾದ ಆಡಿಸಿ, ಇದು ತನ್ನ ಮನೆಯಲ್ಲವೆಂದು ಮುಂದೆ ನಡೆದುಬಿಟ್ಟಳು. ಎರಡು ಮನೆ ಆಚೆ ಖಾಜಾಬಿಯ ಹೊಸ್ತಿಲು ತುಸು ಸವೆದಿತ್ತು; ಅಲ್ಲಿಯೇ ಒಳಗೆ ಹೋಗಿ, ಗೋಡೆಗೆ ಒರಗಿ ಕುಳಿತು, "ಶಿವಲೀಲಾ, ಕುಡ್ಯಾಕ ಒಂದೀಟು ನೀರು ತಾ" ಎಂದಳಂತೆ. ಖಾಜಾಬಿ ನೀರು ಕೊಟ್ಟು, ಚಹಾ ಕುಡಿಸಿ, ಆಮೇಲೆ ಕೈಹಿಡಿದು ಕರೆತಂದು ಬಿಟ್ಟಳು.

ಓಣಿ ನಕ್ಕಿತು. ಕಾಶವ್ವನೂ ನಕ್ಕಳು. ಎರಡನೆಯ ಸಲ ತಪ್ಪಿದಾಗ ನಗಲಿಲ್ಲ. ಸಂಗಪ್ಪ ಬಾಗಿಲಿಗೆ ಗುರುತಿಗೆಂದು ಗಂಟೆ ಕಟ್ಟಿದ. ಚೆಂದ ಕೇಳಿಸುತ್ತದೆ ಎಂದು ಆಚೀಚೆ ಮನೆಯವರೂ ಗಂಟೆ ಕಟ್ಟಿದರು. ಗಾಳಿ ಬಂದರೆ ಸಾಲಿಗೆ ಸಾಲೇ ಗುಡಿಯಾಗುತ್ತಿತ್ತು. ಮೂರನೆಯ ಸಲದ ನಂತರ ಕಾಶವ್ವ ಹೊರಗೆ ಹೋಗುವುದನ್ನೇ ಬಿಟ್ಟಳು. ಪಡಸಾಲೆಯ ಮೂಲೆಯಲ್ಲಿ ಕುಳಿತರೆ ಕುಳಿತಳು. ಒಂದು ರೊಟ್ಟಿ ಅರ್ಧವಾಯಿತು. "ಈ ಮನಿ ನನ್ನ ಗುರ್ತಾ ಹಿಡೀವಲ್ದು" ಎನ್ನುತ್ತಿದ್ದಳು. ಎರಡು ಮಾರು ದೂರದಲ್ಲಿ ನಾನು ಬೋರಲು ಬಿದ್ದಿದ್ದೆ. ಅಷ್ಟು ದುಃಖ ನನಗೆ ಊರು ಬಿಟ್ಟಾಗಲೂ ಆಗಿರಲಿಲ್ಲ.

ಒಂದು ಶುಕ್ರವಾರ ಶಿವಲೀಲಾ ನನಗೆ ಅರಿಷಿಣ ಹಚ್ಚುತ್ತಿದ್ದಳು. ಮೂಲೆಯಿಂದ ಕಾಶವ್ವ ಮಾತಾಡಿದಳು.

"ಎಷ್ಟ ಅರಿಷಿಣ ಹಚ್ಚಿದ್ರೂ ಅದು ನಮ್ಮ ಹೊಸ್ತಲಾ ಆಗೂದಿಲ್ಲವಾ. ಅದರಾಗ ನನ್ನ ಕಾಲಿನ ತಗ್ಗಿತ್ತು. ಸಂಗಪ್ಪಗ ತರಾಕ ಆಗಿಲ್ಲ. ಅವ್ವಗ ಬ್ಯಾಸರ ಆಗಬಾರದಂತ ತಂದೀನಿ ಅಂತ ಸುಳ್ಳ ಹೇಳ್ಯಾನ. ನನಗ ಗೊತ್ತೈತಿ ಅಂತ ಅವನ ಮುಂದ ಅನಬ್ಯಾಡ. ನೊಂದುಕೋತಾನ."

ಶಿವಲೀಲಾಳ ಕೈ ನನ್ನ ಮೇಲೆ ನಿಂತುಬಿಟ್ಟಿತು. ಅರಿಷಿಣದ ಬಟ್ಟಲು ಅಲ್ಲಿಯೇ ಬಿಟ್ಟು, ಅತ್ತೆಯನ್ನು ಹಿತ್ತಲಲ್ಲಿ ಬಿಸಿಲಿಗೆ ಕೂರಿಸಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋಗಿ ಕಾಳಪ್ಪನನ್ನು ಕರೆದುಕೊಂಡು ಬಂದಳು.

"ಇಟ್ಟು ವರ್ಷ ತುಂಬಿಲ್ಲ ತಂಗಿ. ಹೊಸ್ತಲಾ ಕೀಳೂದು ಶುಭ ಅಲ್ಲ" ಎಂದ ಕಾಳಪ್ಪ.

"ಮನೀ ಹಿರೇಮನಷ್ಯಾಳು ಮಂದಿ ಮನಿಗೆ ಹೋಗಿ ನೀರು ಕೇಳೂದು ಶುಭ ಏನು?"

"ಮೀಟಿದ್ರ ಸೀಳಬಹುದು."

"ಸೀಳಿದ್ರ ಸೀಳಲಿ. ಕಿತ್ತು ಹಾಕು."

ಹಾರೆ ಬಿತ್ತು. ನನ್ನ ಎಡತುದಿಯಲ್ಲಿ ಒಂದು ಗೇಣು ಬಿರುಕು ಬಿಟ್ಟಿತು. ಸೀಳಲಿಲ್ಲ. ಸೀಳುವ ಜಾತಿ ನಮ್ಮದಲ್ಲ. ಸಿಮೆಂಟು ಕೆರೆದು, ಮಗುಚಿ, ಬಲಬದಿಯ ತಗ್ಗು ಬಲಬದಿಗೇ ಬರುವಂತೆ ಕೂರಿಸಿದರು. ಅವತ್ತು ನಾನು ಮೊದಲ ಸಲ ಆ ಮನೆಯ ಬಿಸಿಲನ್ನು ಕಂಡೆ. ಸಂಜೆ ಹೊಲದಿಂದ ಬಂದ ಗಂಡನ ಮುಂದೆ ಶಿವಲೀಲಾ ತಾನೇ ಎಲ್ಲವನ್ನೂ ಹೇಳಿಕೊಂಡಳು. ಅತ್ತೆಗೆ ಮಾತ್ರ ಏನೂ ಹೇಳಲಿಲ್ಲ.

ಸಿಮೆಂಟು ಒಣಗಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಶಿವಲೀಲಾ ಅತ್ತೆಯನ್ನು ಹಿತ್ತಲ ಬಾಗಿಲಿನಿಂದ ಖಾಜಾಬಿಯ ಮನೆಗೆ ಕೌದಿಗೆಂದು ಕರೆದೊಯ್ದು, "ನೀವ ಬರ್ರಿ, ನನಗ ಕೆಲಸೈತಿ" ಎಂದು ಬಿಟ್ಟುಬಂದಳು. ಬಂದವಳು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಳು.

ಗೋಡೆ ಸವರುವ ಸದ್ದು ಕೇಳಿತು. ಕಾಶವ್ವ ಬಂದಳು. ಅನುಮಾನದಿಂದಲೇ ಬಲಗಾಲು ಇಟ್ಟಳು. ಪಾದ ತಗ್ಗಿನೊಳಗೆ ಕುಳಿತಿತು. ಒಂದು ಉಸಿರು ನಿಂತಳು. ಆಮೇಲೆ, ಬಾಗಿಲು ಅಷ್ಟು ಎತ್ತರವಿದ್ದರೂ, ಮೊಣಕಾಲು ಮಡಚಿ ತಗ್ಗಿ ಒಳಗೆ ಬಂದಳು.

"ಶಿವಲೀಲಾ, ಚಾ ಇಡು. ನಾ ಮನಿಗೆ ಬಂದೆ" ಎಂದಳು.

ಅವಳು ಮತ್ತೆ ಒಂಬತ್ತು ವರ್ಷ ಬದುಕಿದಳು. ಒಂದು ದಿನವೂ ಮನೆ ತಪ್ಪಲಿಲ್ಲ. ಪ್ರತಿ ಶುಕ್ರವಾರ "ತಪ್ಪಾತು ತಾಯಿ" ಎನ್ನುವುದನ್ನೂ ತಪ್ಪಿಸಲಿಲ್ಲ. ಈಗ ನನಗೆ ವಯಸ್ಸಾಗಿದೆ. ಬಿರುಕಿನಲ್ಲಿ ಇರುವೆಗಳು ಸಂಸಾರ ಹೂಡಿವೆ. ಸಾಲಿನ ಉಳಿದ ಏಳೂ ಮನೆಗಳಿಗೆ ಗ್ರಾನೈಟ್ ಹೊಸ್ತಿಲು ಬಂದಿವೆ. ನನ್ನನ್ನೂ ಬದಲಿಸಿ ಎಂದು ಹೇಳಲು ಬಂದವರು ಶಿವಲೀಲಾಳ ಮುಖ ನೋಡಿ ಸುಮ್ಮನೆ ಹೋಗುತ್ತಾರೆ.

ಕಾಶವ್ವನ ದಿನಕರ್ಮ ಮುಗಿದ ಮರುದಿನ ಶಿವಲೀಲಾ ಸಂತೆಯಿಂದ ಬಂದಳು. ಎರಡೂ ಕೈಯಲ್ಲಿ ಚೀಲ. ಹೊಸ್ತಿಲನ್ನು ಒಂದು ದಿನವೂ ತುಳಿಯದವಳು ಅವತ್ತು ನಿಂತಳು. ಅತ್ತಿತ್ತ ನೋಡಿ ಬಲಗಾಲನ್ನು ತಗ್ಗಿನೊಳಗೆ ಇಟ್ಟಳು, ಒಂದು ಉಸಿರು ನಿಂತಳು, ಒಳಗೆ ಹೋದಳು. ಈಗ ದಿನವೂ ಹಾಗೆಯೇ ಬರುತ್ತಾಳೆ. ತಗ್ಗು ಅವಳ ಪಾದಕ್ಕೆ ಸ್ವಲ್ಪ ಗಿಡ್ಡ, ಬೆರಳುಗಳು ಹೊರಗೆ ಉಳಿಯುತ್ತವೆ. ಉಳಿಯಲಿ. ಕರಿಜಾಲಿ ನಾನು, ಸವೆಯಲು ನನಗೆ ಇನ್ನೂ ಬಹಳ ವರ್ಷಗಳಿವೆ.