ಹಡಗಿಗೆ ಒಬ್ಬಳೇ ಪಾರ್ವತಿ

ರೈಲು ವಡೋದರಾ ಬಿಟ್ಟು ಇನ್ನೂ ವೇಗ ಹಿಡಿದಿರಲಿಲ್ಲ, ಸಮೀಕ್ಷಾ ವೈನಿ ನಮ್ಮ ಬ್ಯಾಗುಗಳ ಜಿಪ್ಪು ಎಳೆಯಲು ಶುರು ಮಾಡಿದರು.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ಅಹಮದಾಬಾದಿನ ನವರಂಗಪುರದಲ್ಲಿ ಮನೆ, ಅಲ್ಲೇ ಒಂದು ಕಾಲೇಜಿನಲ್ಲಿ ಕೆಲಸ. ಅವರೂ ಭಾವ ಗುರುಕಿರಣರೂ ಅಹಮದಾಬಾದಿನಲ್ಲೇ ಈ ರೈಲು ಹತ್ತಿ ಬಂದಿದ್ದರು. ವಡೋದರಾದಲ್ಲಿ ನಾವು ನಾಲ್ವರು ಹತ್ತಿದೆವು. ಮಾವ ಚನ್ನಬಸಪ್ಪ, ಅತ್ತೆ, ನನ್ನ ಗಂಡ ಅಭಿಷೇಕ್ ಮತ್ತು ನಾನು. ಮಾವ ಗದಗಿನಿಂದ ರೈಲ್ವೆ ನೌಕರಿಯ ಮೇಲೆ ಬಂದು ವಡೋದರಾದಲ್ಲೇ ನಿವೃತ್ತರಾದವರು. ದೀಪಾವಳಿ ರಜೆಯಲ್ಲಿ ಎಲ್ಲರೂ ಮುಂಬೈಗೆ ಹೋಗಿ, ಮರುದಿನ ಹಡಗು ಹತ್ತಿ, ಲಕ್ಷದ್ವೀಪದ ಕಡೆ ಸುತ್ತಿ ಬರುವುದೆಂದು ವೈನಿ ಗೊತ್ತು ಮಾಡಿದ್ದರು. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ. ವೈನಿಯೂ ಹತ್ತಿರಲಿಲ್ಲ, ಆದರೆ ವಿಡಿಯೋಗಳನ್ನು ನೋಡಿದ್ದರು.

"ಮೊದಲನೇ ಸಲ ಹೋಗೋ ಮಂದಿ ಮಾಡೋ ತಪ್ಪು ಅಂದ್ರ ಇವ," ಎನ್ನುತ್ತ ನಮ್ಮ ಬ್ಯಾಗಿನಿಂದ ಕರೆಂಟಿನ ಕೆಟಲ್ ಹೊರಗೆಳೆದರು. "ಕೆಟಲ್ ಒಯ್ಯಂಗಿಲ್ಲ, ಇಸ್ತ್ರಿಪೆಟ್ಟಿಗಿ ಒಯ್ಯಂಗಿಲ್ಲ, ಹೊರಗಿನ ಅಡಗಿ ಒಯ್ಯಂಗಿಲ್ಲ. ಗ್ರೂಪಿನ್ಯಾಗ ಬರದಿದ್ನಿಲ್ಲ? ಇದನ್ಯಾರು ತುಂಬಿದ್ದು?"

ತುಂಬಲು ಹೇಳಿದ್ದು ಅತ್ತೆ. ಅವರಿಗೆ ಎದ್ದ ಕೂಡಲೇ ಬಿಸಿನೀರು ಬೇಕು. ಅವರು ಕಿಟಕಿಯ ಹೊರಗೆ ನೋಡುತ್ತ, "ಅಕಿನ್ನ ಕೇಳು," ಅಂದರು.

"ಏನ ಅರ್ಪಿತಾ, ಓದಾಕ ಬರೂದಿಲ್ಲೇನು ನಿನಗ?"

"ಒಂಬತ್ತನೇತ್ತೆ ತನಕ ಓದ್ಯಾಳ. ಕೆಟಲ್ ಹತ್ತನೇತ್ತೆದಾಗ ಬರತೈತಿ," ಅಂದರು ಗುರುಕಿರಣ ಭಾವ. ಮಾವ ನಕ್ಕರು. ಅಭಿಷೇಕ್ ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ಕಾಣಿಸಿತು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೂಡ ಹೊರಬಂದವು. ಅವುಗಳನ್ನು ಮುಂಬೈಗೆ ಮುಟ್ಟುವುದರೊಳಗೆ ತಿಂದು ಮುಗಿಸಬೇಕು ಎಂದಾಯಿತು. ಅತ್ತೆಯ ಬಿಪಿ ಮಾತ್ರೆ ದೊಡ್ಡ ಬ್ಯಾಗಿನ ತಳದಲ್ಲಿ ಸಿಕ್ಕಿದಾಗ ವೈನಿ ಹಣೆ ಮುಟ್ಟಿಕೊಂಡರು. ದೊಡ್ಡ ಬ್ಯಾಗು ಬಂದರಿನಲ್ಲೇ ಒಯ್ಯುತ್ತಾರಂತೆ, ಖೋಲಿಗೆ ಬಂದು ಸೇರುವಷ್ಟರಲ್ಲಿ ಕತ್ತಲಾಗುತ್ತದಂತೆ, ಮಾತ್ರೆ ಕೈಚೀಲದಲ್ಲಿರಬೇಕಂತೆ. ಅದೂ ನನ್ನ ತಪ್ಪೇ ಆಯಿತು.

ಮಾತ್ರೆಯನ್ನು ಅತ್ತೆಯ ಕೈಚೀಲಕ್ಕೆ ಹಾಕಿದೆ. ಆ ಮನೆಯಲ್ಲಿ ನಾನು ಮಾತಾಡುವುದು ಕಡಿಮೆ. ಮದುವೆಯಾಗಿ ಬಂದ ಮೇಲೆ ಹೊರಗೆ ಹೋದದ್ದು ಗದಗಿಗೆ ಮಾತ್ರ, ಅದೂ ಯಾರಾದರೂ ತೀರಿಕೊಂಡಾಗ. ಹಡಗಿನ ಮಾತು ಎದ್ದ ದಿನದಿಂದ ನನಗೆ ಅದೊಂದೇ ಗುಂಗು. ಯಾವ ಕಡೆ ನೋಡಿದರೂ ದಡವೇ ಕಾಣದ ಒಂದು ಜಾಗದಲ್ಲಿ ಕಂಬಿ ಹಿಡಿದು ನಿಲ್ಲಬೇಕು, ಅಷ್ಟೇ. ಅದಕ್ಕಾಗಿ ಇವರ ಮಾತನ್ನೆಲ್ಲ ನುಂಗಿಕೊಳ್ಳಲು ತಯಾರಾಗಿ ಬಂದಿದ್ದೆ. ನನಗೆ ಸಿಕ್ಕಿದ್ದ ಖೋಲಿಗೆ ಕಿಟಕಿಯೂ ಇರಲಿಲ್ಲ. ಅತ್ತೆಗೆ ನೀರು ನೋಡಿದರೆ ತಲೆ ತಿರುಗುತ್ತದೆಂದು ಕಿಟಕಿಯಿಲ್ಲದ ಖೋಲಿ ತೆಗೆದುಕೊಂಡು, ಅವರ ಕಾಲು ಒತ್ತಲು ನನ್ನನ್ನು ಅದರಲ್ಲಿ ಹಾಕಿದ್ದರು. ಅಭಿಷೇಕ್ ಮತ್ತು ಮಾವನಿಗೆ ಕಿಟಕಿಯಿದ್ದ ಖೋಲಿ.

"ಅತ್ತಿ, ಈಗರೆ ಆಧಾರ್ ಕಾರ್ಡ್ ಕೊಡ್ರಿ," ಅಂದರು ವೈನಿ. "ಎಲ್ಲಾರ್ದೂ ಚೆಕ್-ಇನ್ ಆಗೇತಿ, ನಿಮ್ಮಿಬ್ಬರ್ದು ಅಷ್ಟ ಉಳದೈತಿ. ಹೆಸರು ಒಂದ ಕೊಟ್ಟು ಟಿಕೆಟ್ ತಗಸಿದ್ದೆ. ಹುಟ್ಟಿದ ತಾರೀಕು, ಕಾರ್ಡ್ ನಂಬರು ಈಗ ತುಂಬಬೇಕು."

"ಫೋನಿನ್ಯಾಗ ನಂಬರ್ ಕೊಟ್ರ ಬ್ಯಾಂಕಿನ ರೊಕ್ಕ ಹೋಗ್ತಾವಂತ, ಅದಕ್ಕ ಇಬ್ಬರ್ದೂ ಕೊಟ್ಟಿರಲಿಲ್ಲ," ಎನ್ನುತ್ತ ಅತ್ತೆ ಕುಪ್ಪಸದೊಳಗಿನ ಸಣ್ಣ ಚೀಲದಿಂದ ಕಾರ್ಡು ತೆಗೆದರು. ನಾನು ನನ್ನದನ್ನು ಕೊಟ್ಟೆ.

ವೈನಿ ಅತ್ತೆಯದನ್ನು ತುಂಬಿದರು. ಮೊಬೈಲಿನಲ್ಲಿ ಕೆಂಪು ಅಕ್ಷರ ಬಂತು. ಮತ್ತೆ ತುಂಬಿದರು. ಮತ್ತೆ ಕೆಂಪು.

"ಹೆಸರು ಹೊಂದೂದಿಲ್ಲ ಅನ್ನಾಕತ್ತೈತಿ." ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು. "ಪಾರ್ವತಿಬೆನ್? ಬೆನ್ ಯಾಕ ಬಂತು ಇದರಾಗ?"

ಗುಜರಾತಿನಲ್ಲಿ ಹೆಂಗಸರನ್ನು ಹಾಗೇ ಕರೆಯುವುದು, ನಮ್ಮ ಕಡೆ ಪಾರ್ವತೆವ್ವ ಅಂದ ಹಾಗೆ. ವಡೋದರಾದಲ್ಲಿ ಕಾರ್ಡು ಮಾಡಿದವನು ಅದನ್ನು ಹೆಸರಿಗೇ ಅಂಟಿಸಿಬಿಟ್ಟಿದ್ದ. ಟಿಕೆಟ್ಟಿನಲ್ಲಿ ಇದ್ದದ್ದು ಪಾರ್ವತಿ ಅಂಗಡಿ.

"ಇರಲಿ, ಅರ್ಪಿತಾಂದು ಮೊದಲ ಮುಗಸ್ತೀನಿ," ಎಂದು ವೈನಿ ನನ್ನ ಕಾರ್ಡು ತೆಗೆದುಕೊಂಡರು. ಓದಿ, ಹಿಂದೆ ಮುಂದೆ ತಿರುಗಿಸಿ, ನನ್ನ ಮುಖ ನೋಡಿದರು. "ಇದ್ಯಾರ ಕಾರ್ಡು?"

"ನಂದ್ರಿ."

"ಪಾರ್ವತಿ ಅಂಗಡಿ ಅಂತ ಐತಿ."

"ಹೌದ್ರಿ."

"ನಿನ್ನ ಹೆಸರು ಅರ್ಪಿತಾ ಅಲ್ಲೇನು?"

ಮೂರು ವರ್ಷದಿಂದ ಹಬ್ಬಹಬ್ಬಕ್ಕೂ ನನ್ನ ಕೈಯಿಂದ ಬಡಿಸಿಕೊಂಡು ಉಂಡವರು ಕೇಳಿದ ಪ್ರಶ್ನೆ ಇದು.

ಮದುವೆಯ ದಿನ ನನಗೆ ಹೊಸ ಹೆಸರಿಡಲು ತಾಟಿನಲ್ಲಿ ಅಕ್ಕಿ ಹರಡಿ, ಅಭಿಷೇಕ್ ಕೈಯಿಂದ ಉಂಗುರದಲ್ಲಿ ಅರ್ಪಿತಾ ಎಂದು ಬರೆಸಿದ್ದರು. ನನ್ನ ತಂದೆತಾಯಿ ಇಟ್ಟದ್ದು ಪಾರ್ವತಿ. ಅತ್ತೆಯದೂ ಅದೇ ಹೆಸರು. "ನನ್ನ ಹೆಸರಿನಾಕಿನ್ನ ಮುಸುರಿ ತಿಕ್ಕು ಬಾ ಅಂತ ಹೆಂಗ ಒದರಲಿ?" ಎಂದು ಅತ್ತೆ ಮಂಟಪದಲ್ಲೇ ಕೇಳಿದ್ದರು. ವೈನಿಯ ಮದುವೆಯಲ್ಲೂ ಅಕ್ಕಿಯ ತಾಟು ಬಂದಿತ್ತಂತೆ. ಡಿಗ್ರಿ ಸರ್ಟಿಫಿಕೇಟುಗಳಲ್ಲಿ ಹೆಸರು ಬದಲಿಸುವುದು ಕಷ್ಟ ಎಂದು ಅವರು ತಾಟನ್ನು ಹಿಂದೆ ಕಳಿಸಿದರಂತೆ. ನನ್ನ ಹತ್ತಿರ ಅಂಥ ಸರ್ಟಿಫಿಕೇಟು ಇರಲಿಲ್ಲ. ಆದರೆ ಕಾರ್ಡಿನಲ್ಲಿ ಗಂಡನ ಮನೆಯ ಅಡ್ಡಹೆಸರು ಅಂಗಡಿ ಅಷ್ಟೇ ಸೇರಿ, ಪಾರ್ವತಿ ಹಾಗೇ ಉಳಿದಿತ್ತು.

"ಮೊದಲ ಹೇಳಬೇಕೋ ಬ್ಯಾಡೋ?" ಅಂದರು ವೈನಿ.

ಹೇಳಿದ್ದೆ. ಗ್ರೂಪಿನಲ್ಲಿ ವೈನಿ ಹೆಸರು ಕೇಳಿದ ದಿನ ಅತ್ತೆ ತಾವೇ ಎಲ್ಲರ ಹೆಸರು ಹೇಳಿ ಕಳಿಸಿದ್ದರು. ಕಾರ್ಡಿನಲ್ಲಿ ನನ್ನ ಹೆಸರು ಬೇರೆ ಇದೆ ಎಂದು ನಾನು ಅಭಿಷೇಕ್‌ಗೆ ಹೇಳಿದಾಗ, ವೈನಿಗೆ ಎಲ್ಲಾ ಗೊತ್ತೈತಿ, ನೀ ನಡುವ ಬಾಯಿ ಹಾಕಬ್ಯಾಡ ಅಂದಿದ್ದ. ಈಗ ನಾನು ಅವನ ಕಡೆ ನೋಡಿದೆ. ಅವನು ಶೂಸಿನ ಲೇಸು ಬಿಚ್ಚಿ ಕಟ್ಟಿಕೊಳ್ಳುತ್ತಿದ್ದ.

ಟಿಕೆಟ್ ತೆಗೆದುಕೊಟ್ಟವನು ನವರಂಗಪುರದ ಏಜೆಂಟ್, ಮಂಥನ್ ಎಂದು. ವೈನಿ ಅವನಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟರು. ಹಿಂದಿಯಲ್ಲಿ ಮಾತಾಯಿತು.

"ಮೇಡಂ, ಹೆಸರು ಬದಲಿಸುವುದು ಬಂದ್ ಆಗಿ ಆಯಿತು. ಬೆನ್ ಒಂದು ಹೆಚ್ಚಿದ್ದರೆ ಬಂದರಿನ ಕೌಂಟರಿನಲ್ಲಿ ಕೇಳಿ ನೋಡಬಹುದು, ಒಪ್ಪಿದರೂ ಒಪ್ಪಬಹುದು. ಆದರೆ ಅರ್ಪಿತಾ ಹೆಸರಿನ ಮೇಲೆ ಪಾರ್ವತಿಯನ್ನು ಬಿಡುವುದಿಲ್ಲ."

"ಅಂದ್ರೆ ಅವಳು ಬರುವ ಹಾಗಿಲ್ಲ?"

"ನಿಮ್ಮ ಟಿಕೆಟ್ಟಿನಲ್ಲಿ ಇರುವುದು ಒಬ್ಬ ಪಾರ್ವತಿ. ಒಬ್ಬರೇ ಹತ್ತಬಹುದು."

"ಚೆಕ್-ಇನ್ ಆದಮೇಲೆ ತಿದ್ದಬಹುದಾ?"

"ಹಸಿರು ಗುರುತು ಬಂದರೆ ಮುಗಿಯಿತು. ಅದನ್ನು ನಾನೂ ತೆಗೆಯಲಾರೆ."

ಫೋನ್ ಇಟ್ಟ ಮೇಲೆ ಯಾರೂ ಹೆಚ್ಚು ಹೊತ್ತು ಯೋಚಿಸಲಿಲ್ಲ.

"ಸೂರತ್ತಿನ್ಯಾಗ ಇಳದ ಬಿಡಲಿ," ಅಂದರು ಅತ್ತೆ. "ಅಲ್ಲೆ ಉಧ್ನಾದಾಗ ಬಾಲಕೃಷ್ಣ ಕಾಕಾನ ಮನಿ ಐತಿ. ಅವರ ಸೊಸಿಗೆ ಈಗ ದಿನಾ ತುಂಬ್ಯಾವ. ಕೆಲಸಕ್ಕ ಒಂದು ಕೈ ಆಗತೈತಿ."

"ಹೌದು. ನಾ ಕಾಕಾಗ ಫೋನ್ ಮಾಡ್ತೀನಿ," ಅಂದರು ಮಾವ.

"ಅಪ್ಪಾ, ಅಕಿನ್ನ ಒಂದ ಸಲ ಕೇಳೋಣಲ್ಲ," ಅಂದ ಅಭಿಷೇಕ್.

"ಏನ ಕೇಳೂದು? ಹಡಗಿನವರ ಬ್ಯಾಡ ಅಂದ್ರು." ಅತ್ತೆ ನನ್ನ ಕಡೆ ತಿರುಗಿದರು. "ನೋಡವಾ, ನಿನಗ ಸಮುದ್ರ ಎಲ್ಲಿಗೆ ಓಡಿ ಹೋಗ್ತೈತಿ. ಇನ್ನೂ ಸಣ್ಣಾಕಿ ಅದಿ. ನಾ ಇನ್ನೆಷ್ಟ ದಿನ ಇರ್ತೀನಿ?"

ಅಭಿಷೇಕ್ ನನ್ನ ಹತ್ತಿರ ಸರಿದು ಕೂತು, ದನಿ ಇಳಿಸಿ, "ನಾಕ ದಿನದ ಮಾತು. ಬಂದಮ್ಯಾಲೆ ಇಬ್ಬರ ದೀವ್‌ನ ಸಮುದ್ರಕ್ಕ ಹೋಗಿ ಬರೂಣು," ಅಂದ.

"ನೀವೂ ಇಳೀತೀರೇನು?"

"ನಾನ್ಯಾಕ? ನಂದು ಚೆಕ್-ಇನ್ ಆಗೇತೆಲ್ಲ."

ವೈನಿ ನನ್ನ ಕಾರ್ಡನ್ನು ಬರ್ತಿನ ಮೇಲೆ ಎಸೆದರು. ಅದು ಜಾರಿ ಕೆಳಗೆ ಬಿತ್ತು. ಬಗ್ಗಿ, ಅವರ ಚಪ್ಪಲಿಯ ಪಕ್ಕದಿಂದ ಎತ್ತಿಕೊಂಡೆ.

"ಅತ್ತಿ, ನಿಮ್ಮದು ಕೌಂಟರಿನ್ಯಾಗ ಮಾಡಸೂಣ. ನಾ ಮಾತಾಡ್ತೀನಿ, ಇಂಗ್ಲೀಷಿನ್ಯಾಗ ಹೇಳಿದ್ರ ಕೇಳ್ತಾರ," ಎಂದು ವೈನಿ ರೊಟ್ಟಿಯ ಡಬ್ಬಿ ಬಿಚ್ಚಿದರು. "ಅರ್ಪಿತಾ, ಬಡಸು."

ಬಡಿಸಿದೆ. ಎಲ್ಲರೂ ತಿಂದರು. ಭರೂಚ್ ದಾಟಿ ನರ್ಮದೆಯ ಸೇತುವೆ ಬಂದಾಗ ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಕೈ ತೊಳೆದುಕೊಂಡು ಬರುತ್ತೇನೆಂದು ನಾನು ಎದ್ದು ಬೋಗಿಯ ಕೊನೆಗೆ ಹೋದೆ.

ವಾಶ್‌ಬೇಸಿನ್ನಿನ ಪಕ್ಕದಲ್ಲಿ ನಿಂತು ಮೊಬೈಲ್ ತೆಗೆದೆ. ಬುಕಿಂಗ್ ನಂಬರನ್ನು ವೈನಿ ಗ್ರೂಪಿಗೆ ಹಾಕಿದ್ದರು, ಯಾರೂ ಕಳೆದುಕೊಳ್ಳಬಾರದು ಎಂದು ಎರಡು ಸಲ. ಹಡಗಿನವರ ಪುಟ ತೆರೆದೆ. ಪಾರ್ವತಿ ಅಂಗಡಿ ಎಂಬ ಹೆಸರನ್ನು ಒತ್ತಿದೆ. ಹುಟ್ಟಿದ ತಾರೀಕು ಕೇಳಿತು, ನನ್ನದನ್ನು ಹಾಕಿದೆ. ಕಾರ್ಡಿನ ನಂಬರು ಹಾಕಿದೆ. ಫೋಟೋ ಕೇಳಿತು. ರೈಲು ಅಲುಗಾಡಿ ಮೊದಲನೆಯದು ಮಸುಕಾಯಿತು. ಗೋಡೆಗೆ ಬೆನ್ನು ಕೊಟ್ಟು ಇನ್ನೊಂದು ತೆಗೆದೆ. ಅಂಕಲೇಶ್ವರದ ಕಾರ್ಖಾನೆಗಳ ವಾಸನೆ ಬಾಗಿಲಿನಿಂದ ಒಳಗೆ ನುಗ್ಗುತ್ತಿತ್ತು. ಮೊಬೈಲಿನ ನಡುವೆ ಒಂದು ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಹಸಿರು ಗುರುತು ಬಂತು.

ಮುಖ ತೊಳೆದುಕೊಂಡು ಹೋಗಿ ನನ್ನ ಜಾಗದಲ್ಲಿ ಕೂತೆ. ಅತ್ತೆ ನನ್ನ ಬ್ಯಾಗಿನಿಂದ ತಮ್ಮ ಸೀರೆಗಳನ್ನು ತೆಗೆದು ವೈನಿಯ ಬ್ಯಾಗಿಗೆ ಹಾಕುತ್ತಿದ್ದರು. ಕೆಟಲ್ ಮಾತ್ರ ನನ್ನ ಬ್ಯಾಗಿಗೆ ಬಂತು, ಕಾಕಾನ ಮನೆಯಲ್ಲಿ ಇಡಲು.

ಸೂರತ್ ಹತ್ತಿರವಾಗುತ್ತಿದ್ದಂತೆ ಅಭಿಷೇಕ್ ನನ್ನ ಬ್ಯಾಗನ್ನು ಕೆಳಗಿಳಿಸಿದ. "ಏಳು. ಇಲ್ಲೆ ಭಾಳ ಹೊತ್ತು ನಿಲ್ಲೂದಿಲ್ಲ."

"ನಾ ಇಳಿಯೂದಿಲ್ರಿ," ಅಂದೆ.

"ಏನಂದಿ?" ಅತ್ತೆ ಕೇಳಿದರು.

"ನಂದು ಚೆಕ್-ಇನ್ ಆತು." ಮೊಬೈಲನ್ನು ವೈನಿಯ ಕೈಗೆ ಕೊಟ್ಟೆ. ನನ್ನ ಮಾತು ತೊದಲಿದರೂ ಅವರೇ ನೋಡಿಕೊಳ್ಳಲಿ ಎಂದು.

ವೈನಿ ನೋಡಿದರು. ಅವರ ಕುತ್ತಿಗೆ ಕೆಂಪಗಾಯಿತು. "ಇದು ಅತ್ತಿಯವರ ಟಿಕೆಟು."

"ಹೆಸರು ನಂದೈತ್ರಿ."

"ಕಳ್ಳಿ," ಅಂದರು ಅತ್ತೆ. ಕೂಗಲಿಲ್ಲ. ಪಕ್ಕದ ಬರ್ತಿನ ಗುಜರಾತಿ ಹೆಂಗಸು ತಿರುಗಿ ನೋಡುತ್ತಿದ್ದಳು, ಅದಕ್ಕೆ ನಗುಮುಖ ಮಾಡಿಕೊಂಡೇ ಅಂದರು. "ಉಣ್ಣೋ ಮನಿಯಾಗ ಕಳವು ಮಾಡ್ತಿ? ಅದನ್ನ ಅಳಿಸಿ ಒಗಿ ಮೊದಲ."

"ಅಳಸಾಕ ಬರೂದಿಲ್ರಿ. ಮಂಥನ್ ಹೇಳಿದ್ದು ಕೇಳಿದಿರೆಲ್ಲ."

"ಅಭೀ, ನಿನ್ನ ಹೆಂಡ್ತಿ ಹೆಂಗ ಮಾತಾಡತಾಳ ನೋಡು."

"ಅರ್ಪಿತಾ," ಅಂದ ಅವನು. ಅವನ ಕೈ ಇನ್ನೂ ನನ್ನ ಬ್ಯಾಗಿನ ಮೇಲಿತ್ತು.

"ಅಕಿ ಇಳಿಯೂದಿಲ್ಲ ಅಂದ್ರ ನಾ ಇಳೀತೀನಿ," ಎಂದು ಅತ್ತೆ ಎದ್ದು ನಿಂತರು. ಈ ಮಾತನ್ನು ಅವರು ಬೇರೆ ಬೇರೆ ರೀತಿಯಲ್ಲಿ ಮನೆಯಲ್ಲಿ ಎಷ್ಟೋ ಸಲ ಆಡಿದ್ದು ನಾನು ಕಂಡಿದ್ದೆ. ಉಣ್ಣುವುದಿಲ್ಲ ಅನ್ನುತ್ತಿದ್ದರು, ಊರಿಗೆ ಹೋಗುತ್ತೇನೆ ಅನ್ನುತ್ತಿದ್ದರು. ಪ್ರತಿ ಸಲವೂ ಯಾರಾದರೂ ನನ್ನನ್ನು ಬೈದು ಅವರನ್ನು ಕೂರಿಸುತ್ತಿದ್ದರು. "ಎಲ್ಲಾರೂ ಏಳ್ರಿ. ಯಾರೂ ಹೋಗೂದು ಬ್ಯಾಡ ಹಡಗಿಗೆ. ಅಕಿ ಒಬ್ಬಾಕೀನ ಹೋಗಲಿ, ಮುಣಗಲಿ."

ರೈಲು ನಿಂತಿತು. ಮಾವ ಎದ್ದರು. ಅಭಿಷೇಕ್ ನನ್ನ ಬ್ಯಾಗು ಬಿಟ್ಟು ಅತ್ತೆ-ಮಾವನ ಬ್ಯಾಗು ಎತ್ತಿಕೊಂಡ. ಗುರುಕಿರಣ ಭಾವ ಅರ್ಧ ಎದ್ದು ವೈನಿಯನ್ನು ನೋಡಿದರು.

ವೈನಿ ಎದ್ದಿರಲಿಲ್ಲ. "ಅತ್ತಿ, ನಮ್ಮದು ಎಲ್ಲಾ ಆಗೇತ್ರಿ. ನನಗ ಮತ್ತ ರಜಾ ಸಿಗೂದಿಲ್ಲ," ಅಂದರು.

ಅತ್ತೆ ಅವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೂರುವ ಹಾಗಿರಲಿಲ್ಲ. ಅಷ್ಟು ಮಂದಿಯ ಮುಂದೆ ಎದ್ದಾಗಿತ್ತು. ಸೆರಗು ಕೊಡವಿ ಬಾಗಿಲ ಕಡೆ ನಡೆದರು. ಮಾವ ಹಿಂದೆ, ಅಭಿಷೇಕ್ ಅವರ ಹಿಂದೆ. ವೈನಿಯ ಬ್ಯಾಗಿನಲ್ಲಿದ್ದ ಸೀರೆಗಳ ನೆನಪು ಯಾರಿಗೂ ಆಗಲಿಲ್ಲ.

ಕಿಟಕಿಯಿಂದ ಮೂವರೂ ಕಾಣಿಸುತ್ತಿದ್ದರು. ಅತ್ತೆ ರೈಲಿಗೆ ಬೆನ್ನು ಮಾಡಿ ನಿಂತಿದ್ದರು. ಅಭಿಷೇಕ್ ಬ್ಯಾಗು ಇಳಿಸಿ, ತಿರುಗಿ, ನಮ್ಮ ಬೋಗಿಯ ಬಾಗಿಲ ಕಡೆ ಬಂದ. ಅತ್ತೆ ಏನೋ ಅಂದರು, ಅವನು ನಿಂತ. ರೈಲು ಅಲುಗಿತು. ಅವನು ಜೊತೆಗೆ ನಾಲ್ಕು ಹೆಜ್ಜೆ ನಡೆದ, ಕಂಬಿಗೆ ಕೈ ಹಾಕಲಿಲ್ಲ.

ಉಧ್ನಾ ಹಿಂದೆ ಸರಿದ ಮೇಲೆ ವೈನಿ ಬಾಯಿ ತೆರೆದರು. "ಹಡಗಿನ್ಯಾಗ ನಮ್ಮ ಟೇಬಲ್ಲಿಗೆ ಉಣ್ಣಾಕ ಬರಬ್ಯಾಡ."

"ಇಲ್ರಿ."

"ಯಾರರೆ ಕೇಳಿದ್ರ ಈಕಿ ನನಗ ಗುರುತಿಲ್ಲ ಅಂತೀನಿ."

"ಖರೇನ ಐತೆಲ್ರಿ," ಅಂದೆ. "ಹೆಸರ ಗೊತ್ತಿರಲಿಲ್ಲ ನಿಮಗ."

ಅವರು ಮುಖ ತಿರುಗಿಸಿದರು. ಗುರುಕಿರಣ ಭಾವ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕೂತರು.

ನನ್ನ ಮೊಬೈಲ್ ಅದುರಿತು. ಅಭಿಷೇಕ್ ಬರೆದಿದ್ದ. ಅರ್ಪಿತಾ, ವಲಸಾಡದಾಗ ಇಳಿ. ಅವ್ವ ಅಳಾಕತ್ತಾಳ. ನಾ ಹಿಂದಿನ ಗಾಡಿಗೆ ಬಂದು ಕರಕೊಂಡು ಹೋಗ್ತೀನಿ.

ವಲಸಾಡ ಬಂತು. ಜನ ಇಳಿದರು, ಜನ ಹತ್ತಿದರು. ನನ್ನ ಎದುರಿನ ಮೂರು ಜಾಗ ಖಾಲಿ ಕಂಡು ಒಬ್ಬ ಹೆಂಗಸು ಕೂರಬಹುದಾ ಎಂದು ಕೇಳಿದಳು. ಕೂತುಕೊಳ್ಳಿ ಅಂದೆ. ರೈಲು ಬಿಟ್ಟಿತು.